ಬಳ್ಳಾರಿ, ರಾಯಚೂರು, ಕೊಪ್ಪಳದವರು ವಿಮಾನ ಟಿಕೆಟ್ ಯಾವಾಗ ತೆಗೆಸಬೇಕು, ಎಲ್ಲಿಂದ ತೆಗೆಸಬೇಕು: ಸಮಗ್ರ ಮಾರ್ಗದರ್ಶಿ

"ಎಷ್ಟು ದಿನ ಮುಂಚೆ ಟಿಕೆಟ್ ತೆಗೆಸಿದರೆ ಕಡಿಮೆಗೆ ಸಿಗುತ್ತದೆ?" ನಮ್ಮ ಕಡೆ ವಿಮಾನದ ಮಾತು ಬಂದರೆ ಮೊದಲ ಪ್ರಶ್ನೆ ಇದೇ. ಚಿಕ್ಕ ಉತ್ತರ ಬೇಕಾದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ದೇಶದೊಳಗಿನ ಮಾಮೂಲಿ ಪ್ರಯಾಣಕ್ಕೆ ಮೂರರಿಂದ ಎಂಟು ವಾರ ಮುಂಚೆ. ಹಬ್ಬ, ರಜೆಗಳಿಗೆ ಎರಡರಿಂದ ನಾಲ್ಕು ತಿಂಗಳು ಮುಂಚೆ. ವಿದೇಶಕ್ಕೆ ದೂರ ನೋಡಿಕೊಂಡು ಎರಡರಿಂದ ಆರು ತಿಂಗಳು ಮುಂಚೆ.

ಬೆಂಗಳೂರಿನವರಿಗೆ ಇಷ್ಟು ಸಾಕು. ನಮಗೆ ಸಾಲದು. ಮನೆಯಿಂದ ವಿಮಾನ ನಿಲ್ದಾಣ ಮುಟ್ಟುವುದೇ ನಮಗೆ ಒಂದು ಪ್ರಯಾಣ. ಟಿಕೆಟ್‌ನಲ್ಲಿ ಎಂಟುನೂರು ಉಳಿಸಿ ಕಾರಿಗೆ ನಾಲ್ಕು ಸಾವಿರ ಕೊಟ್ಟರೆ ಏನು ಬಂತು? ಆದ್ದರಿಂದ ಕೆಳಗಿನ ಲೆಕ್ಕವೆಲ್ಲ ಮನೆ ಬಾಗಿಲಿನಿಂದ ಶುರುವಾಗುತ್ತದೆ.

ದರ ಏರುವುದು ಯಾಕೆ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ನಮ್ಮ ದೇಶದಲ್ಲಿ ಟಿಕೆಟ್ ದರ ಇಡುವುದು ಕಂಪನಿಗಳಿಗೇ ಬಿಟ್ಟಿದ್ದು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್ ಕೊನೆಯವರೆಗೆ, ಸರ್ಕಾರ ದರಕ್ಕೆ ಮಿತಿ ಹಾಕಿತ್ತು. ಆಮೇಲೆ ಅದೂ ಹೋಯಿತು. ಈಗ ವಿಮಾನದ ದರ ಗಂಜ್‌ನ ಹತ್ತಿ ದರದ ಹಾಗೆ. ಬೆಳಿಗ್ಗೆ ಕೇಳಿದ್ದು ಸಂಜೆಗೆ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಒಂದೇ ವಿಮಾನದ ಸೀಟುಗಳಿಗೆ ಒಂದೇ ದರ ಇರುವುದಿಲ್ಲ. ಕಂಪನಿಯವರು ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಇಟ್ಟಿರುತ್ತಾರೆ. ಕಡಿಮೆ ದರದ ಗುಂಪು ಖಾಲಿಯಾದರೆ ಮೇಲಿನ ಗುಂಪು ತೆರೆದುಕೊಳ್ಳುತ್ತದೆ. ಜೊತೆಗೆ ಹೊರಡುವ ದಿನಕ್ಕೆ ಸುಮಾರು 21, 14, 7 ದಿನ ಉಳಿದಾಗ ಕೆಳಗಿನ ಗುಂಪುಗಳನ್ನು ಮುಚ್ಚುವ ರೂಢಿಯೂ ಇದೆ. ಕೊನೆಯ ವಾರದಲ್ಲಿ ಬರುವವರು ಬೇರೆ ದಾರಿಯಿಲ್ಲದವರು, ಎಷ್ಟಾದರೂ ಕೊಡುತ್ತಾರೆ ಅನ್ನುವುದು ಅವರ ಲೆಕ್ಕ. ಕೊನೇ ಗಳಿಗೆಯಲ್ಲಿ ಸೀಟು ಖಾಲಿ ಇದ್ದರೆ ಅಗ್ಗಕ್ಕೆ ಬಿಡುತ್ತಾರೆ ಎಂದು ಕಾಯುವವರು ಇದ್ದಾರೆ. ನಮ್ಮ ದೇಶದ ಮಾರ್ಗಗಳಲ್ಲಿ ಅದು ಅಪರೂಪ. ಕಾಯಬೇಡಿ.

ಈ ಗುಂಪಿನ ಲೆಕ್ಕ ಗೊತ್ತಿದ್ದರೆ ಒಂದು ಉಪಾಯ ಸಿಗುತ್ತದೆ. ನೀವು ನಾಲ್ಕು ಜನ ಎಂದು ಹುಡುಕುತ್ತೀರಿ. ಕಡಿಮೆ ದರದಲ್ಲಿ ಎರಡೇ ಸೀಟು ಉಳಿದಿವೆ. ಆಗ ಕಂಪ್ಯೂಟರ್ ಇಬ್ಬರಿಗೆ ಕಡಿಮೆ, ಇಬ್ಬರಿಗೆ ಜಾಸ್ತಿ ಅಂತ ಸಾಮಾನ್ಯವಾಗಿ ತೋರಿಸುವುದಿಲ್ಲ. ನಾಲ್ಕು ಸೀಟು ಒಟ್ಟಿಗೆ ಸಿಗುವ ಮೇಲಿನ ಗುಂಪಿಗೆ ಹೋಗಿ, ನಾಲ್ವರಿಗೂ ಅದೇ ದರ ಹಾಕುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ. ಆಮೇಲೆ ಇಬ್ಬರಿಗೆ, ನಾಲ್ವರಿಗೆ. ತಲೆಗೆ ಬೀಳುವ ದರ ಎಲ್ಲಿ ಹಾರುತ್ತದೆ ನೋಡಿ. ಇಬ್ಬರಿಬ್ಬರಾಗಿ ಎರಡು ಸಲ ಬುಕ್ ಮಾಡಿದರೆ ಸಾವಿರಾರು ಉಳಿಯುವುದುಂಟು. ಒಂದೇ ತೊಂದರೆ ಎಂದರೆ ಪಿಎನ್‌ಆರ್ ಎರಡಾಗುತ್ತದೆ. ಸಣ್ಣ ಮಕ್ಕಳಿದ್ದರೆ ಪ್ರತಿ ಪಿಎನ್‌ಆರ್‌ನಲ್ಲೂ ಒಬ್ಬ ದೊಡ್ಡವರು ಇರಲಿ.

"ಪದೇ ಪದೇ ಹುಡುಕಿದರೆ ಮೊಬೈಲ್ ನೋಡಿಕೊಂಡು ದರ ಏರಿಸುತ್ತಾರೆ, ಇನ್‌ಕಾಗ್ನಿಟೊದಲ್ಲಿ (ಹುಡುಕಿದ ಗುರುತು ಉಳಿಸದ ಕಿಟಕಿಯಲ್ಲಿ) ಹುಡುಕಬೇಕು" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದನ್ನು ನಂಬಿ ಕೂರಬೇಡಿ. ಹುಡುಕುತ್ತಾ ಕೂತಾಗ ಬೇರೆಯವರು ಸೀಟು ತೆಗೆದುಕೊಂಡಿರುತ್ತಾರೆ, ಗುಂಪು ಮೇಲೆ ಹೋಗಿರುತ್ತದೆ, ಅಷ್ಟೇ. ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದರೆ ಅಗ್ಗ ಎನ್ನುವುದೂ ಇದೇ ಜಾತಿಯ ಮಾತು. ವಾರದ ಯಾವ ದಿನ ಬುಕ್ ಮಾಡುತ್ತೀರಿ ಎನ್ನುವುದಕ್ಕಿಂತ ವಾರದ ಯಾವ ದಿನ ಹಾರುತ್ತೀರಿ ಎನ್ನುವುದು ಮುಖ್ಯ.

ಹೆಜ್ಜೆ 1: ಒಂದು ತಾರೀಖಲ್ಲ, ಐದು ತಾರೀಖು ಇಟ್ಟುಕೊಳ್ಳಿ

ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸೋಮವಾರ ಬೆಳಿಗ್ಗೆ ದರ ಜಾಸ್ತಿ. ಮಂಗಳವಾರ, ಬುಧವಾರ, ಶನಿವಾರ ಮಧ್ಯಾಹ್ನ ಹೆಚ್ಚಾಗಿ ಕಡಿಮೆ. ಕಾಶಿಗೋ ಅಯೋಧ್ಯೆಗೋ ಹೊರಟ ಹಿರಿಯರಿಗೆ ಬುಧವಾರವಾದರೇನು, ಶನಿವಾರವಾದರೇನು? ಆದರೂ ಮಕ್ಕಳು ತಮ್ಮ ರಜೆ ನೋಡಿಕೊಂಡು ಶುಕ್ರವಾರ ಸಂಜೆಯ ಟಿಕೆಟ್ ತೆಗೆಸಿ ಕೊಡುತ್ತಾರೆ.

ವರ್ಷದ ಲೆಕ್ಕದಲ್ಲಿ ಸಂಕ್ರಾಂತಿ ಮುಗಿದ ಮೇಲಿನ ಜನವರಿ, ಫೆಬ್ರುವರಿ, ಮತ್ತೆ ಜುಲೈಯಿಂದ ಸೆಪ್ಟೆಂಬರ್ ಅಗ್ಗದ ಕಾಲ. ಏಪ್ರಿಲ್-ಮೇ, ದಸರಾ, ದೀಪಾವಳಿ, ಡಿಸೆಂಬರ್ ಕೊನೆಯ ಹತ್ತು ದಿನ ತುಟ್ಟಿ. ಹಬ್ಬದ ಹಿಂದಿನ ಎರಡು ದಿನದ ದರವನ್ನೂ ಹಬ್ಬದ ದಿನ ಮಧ್ಯಾಹ್ನದ ದರವನ್ನೂ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಹೈದರಾಬಾದ್‌ನಿಂದ ಹಾರುವವರು ಇನ್ನೊಂದು ನೆನಪಿಡಬೇಕು. ಅಲ್ಲಿ ಸಂಕ್ರಾಂತಿ ನಮಗಿಂತ ದೊಡ್ಡ ಹಬ್ಬ. ಆ ವಾರ ವಿಮಾನವೂ ತುಂಬಿರುತ್ತದೆ, ಬಸ್ಸೂ ತುಂಬಿರುತ್ತದೆ.

ಹೆಜ್ಜೆ 2: ಯಾವ ನಿಲ್ದಾಣ?

ನಮ್ಮ ಮೂರು ಜಿಲ್ಲೆಯವರಿಗೆ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ.

ಬಳ್ಳಾರಿಯವರಿಗೆ ಹತ್ತಿರದ್ದು ತೋರಣಗಲ್ಲಿನ ಜಿಂದಾಲ್ ನಿಲ್ದಾಣ. ಹುಡುಕುವಾಗ ಬಳ್ಳಾರಿ ಅಂತ ಹಾಕಬೇಡಿ, ವಿದ್ಯಾನಗರ ಅಂತ ಹಾಕಿ. ಅದರ ಕೋಡ್ ವಿಡಿವೈ. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಇಲ್ಲಿಂದ ಹಾರಾಟ ಶುರು ಮಾಡಿತ್ತು. ಆ ಕಂಪನಿ ಈಗ ಇಲ್ಲ, ಆಮೇಲೆ ಬೇರೆಯವರು ಬಂದರು. ಇಂಥ ಸಣ್ಣ ಮಾರ್ಗಗಳಲ್ಲಿ ಕಂಪನಿಯೂ ವೇಳೆಯೂ ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಹೋದ ವರ್ಷದ ನೆನಪಿನ ಮೇಲೆ ಪ್ಲಾನ್ ಮಾಡಬೇಡಿ, ಕಂಪನಿಯ ವೆಬ್‌ಸೈಟ್‌ನಲ್ಲೇ ನೋಡಿ. ಬೆಂಗಳೂರಿನಲ್ಲಿ ಹಾರುವ ಏರ್‌ಬಸ್‌ನಲ್ಲಿ 180ರ ಆಸುಪಾಸು ಸೀಟು. ಇಂಥ ಕಡೆ ಬರುವ ವಿಮಾನದಲ್ಲಿ ಎಪ್ಪತ್ತು ಚಿಲ್ಲರೆ. ಅಗ್ಗದ ಸೀಟುಗಳೂ ಅಷ್ಟೇ ಕಡಿಮೆ, ಬೇಗ ಖಾಲಿಯಾಗುತ್ತವೆ. ಉಡಾನ್ ಅಡಿಯಲ್ಲಿರುವ ಮಾರ್ಗವಾದರೆ ಸುಮಾರು ಅರ್ಧ ಸೀಟುಗಳಿಗೆ ದರದ ಮಿತಿ ಇರುತ್ತದೆ. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಇಟ್ಟಿದ್ದರು. ಈ ರಿಯಾಯಿತಿ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಇಲ್ಲಿ ಮೂರು ವಾರ ಕಾಯುವ ಲೆಕ್ಕ ನಡೆಯುವುದಿಲ್ಲ. ತಾರೀಖು ಗಟ್ಟಿಯಾದ ದಿನವೇ ತೆಗೆದುಬಿಡಿ.

ದೇವನಹಳ್ಳಿ ನಿಲ್ದಾಣ ಬೆಂಗಳೂರಿನ ಉತ್ತರಕ್ಕಿದೆ. ಬಳ್ಳಾರಿಯಿಂದ ಅನಂತಪುರ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ದಾರಿ ಹಿಡಿದರೆ ಊರಿಗಿಂತ ಮೊದಲು ನಿಲ್ದಾಣವೇ ಸಿಗುತ್ತದೆ. ಸುಮ್ನೆ ಮೆಜೆಸ್ಟಿಕ್‌ವರೆಗೆ ಹೋಗಿ ಟ್ರಾಫಿಕ್‌ನಲ್ಲಿ ವಾಪಸ್ ಬರುವ ಅಗತ್ಯವಿಲ್ಲ. ರೈಲಿನಲ್ಲಿ ಹೋಗುವವರಿಗೆ ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅದಕ್ಕೆ ಹನ್ನೊಂದು ಗಂಟೆಯ ಮೇಲಿನ ವಿಮಾನ ಹೊಂದುತ್ತದೆ. ಅಗ್ಗ ಎಂದು ಬೆಳಿಗ್ಗೆ ಐದೂವರೆಯ ವಿಮಾನ ತೆಗೆದರೆ ಹಿಂದಿನ ದಿನವೇ ಹೋಗಿ ರೂಮ್ ಮಾಡಬೇಕು.

ರಾಯಚೂರಿನವರಿಗೆ ಹೈದರಾಬಾದ್‌ನ ವಿಮಾನ ನಿಲ್ದಾಣವಿರುವ ಶಂಶಾಬಾದ್ ಸುಮಾರು 200 ಕಿ.ಮೀ. ಶಕ್ತಿನಗರದಲ್ಲಿ ಕೃಷ್ಣಾ ನದಿ ದಾಟಿ, ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರ. ಇಲ್ಲೂ ಅದೇ ಅನುಕೂಲ: ಹೈದರಾಬಾದ್ ಊರೊಳಗೆ ಹೋಗುವ ಮೊದಲೇ ಶಂಶಾಬಾದ್ ಬರುತ್ತದೆ. ಬಸ್ಸಿನಲ್ಲಿ ಹೋದರೆ ಅಲ್ಲೇ ಇಳಿದು ಆಟೋ ಅಥವಾ ಕ್ಯಾಬ್ ಹಿಡಿಯಬಹುದು. ಕಂಡಕ್ಟರ್‌ಗೆ ಹತ್ತುವಾಗಲೇ ಹೇಳಿಡಿ. ರಾಯಚೂರು ಪಕ್ಕದ ಯರಮರಸ್‌ನ ನಿಲ್ದಾಣದಿಂದ ಟಿಕೆಟ್ ತೆಗೆಸುವ ದಿನಕ್ಕೆ ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಶಂಶಾಬಾದೇ ಗತಿ. ಕಲಬುರಗಿ ನಿಲ್ದಾಣ 2019ರ ನವೆಂಬರ್‌ನಲ್ಲಿ, ಕರ್ನೂಲು ಹತ್ತಿರದ ಓರ್ವಕಲ್ 2021ರಲ್ಲಿ ಶುರುವಾದವು. ಎರಡೂ ಕಡೆ ವಿಮಾನ ಕಡಿಮೆ, ಆದರೂ ಒಮ್ಮೆ ನೋಡಿದರೆ ನಷ್ಟವಿಲ್ಲ.

ಕೊಪ್ಪಳದವರಿಗೆ ಗಿಣಿಗೇರಾದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ, ಟಿಕೆಟ್ ಸಿಗುವ ವಿಮಾನ ಇಲ್ಲ. ಹುಬ್ಬಳ್ಳಿಯೇ ಹತ್ತಿರ, ಸುಮಾರು 115 ಕಿ.ಮೀ. ಗದಗ ದಾರಿಯಲ್ಲಿ ರೈಲೂ ಇದೆ, ಬಸ್ಸೂ ಇದೆ. ನಿಲ್ದಾಣ ಗೋಕುಲ ರಸ್ತೆಯಲ್ಲಿದೆ, ಸ್ಟೇಷನ್‌ನಿಂದ ಆಟೋ ಸಾಕು. ಬೆಂಗಳೂರಿಗಿಂತ ಹುಬ್ಬಳ್ಳಿಯಿಂದ ಟಿಕೆಟ್ ಸ್ವಲ್ಪ ಜಾಸ್ತಿ ಕಾಣುವುದುಂಟು. ಅದಕ್ಕೇ ಲೆಕ್ಕ ಹಾಕಬೇಕು.

ಲೆಕ್ಕ ಹೀಗೆ. ಗಂಗಾವತಿಯ ಒಂದು ಮನೆಯವರು ದೆಹಲಿಗೆ ಹೊರಟಿದ್ದಾರೆ ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಹೋಗುವುದಕ್ಕಿಂತ ಹೈದರಾಬಾದ್‌ನಿಂದ ಹೋದರೆ ತಲೆಗೆ 1,500 ಉಳಿಯುತ್ತದೆ. ಹುಬ್ಬಳ್ಳಿಗೆ ಕಾರು 4,000, ಶಂಶಾಬಾದ್‌ಗೆ 8,500. ಅಂದರೆ ಕಾರಿಗೆ 4,500 ಜಾಸ್ತಿ. ಒಬ್ಬರೇ ಹೋದರೆ 3,000 ನಷ್ಟ. ಮೂವರಾದರೆ ಸರಿಸಮ. ನಾಲ್ವರಾದರೆ 1,500 ಲಾಭ. ಆದರೆ ಅಷ್ಟಕ್ಕೆ ಅಜ್ಜಿಯನ್ನು ಇನ್ನೂ ಮೂರು ಗಂಟೆ ಕಾರಿನಲ್ಲಿ ಕೂರಿಸುತ್ತೀರಾ? ನಾನಾದರೆ ಇಲ್ಲ. ಅದೇ ಹುಡುಗನೊಬ್ಬ ಬ್ಯಾಗ್ ಹೆಗಲಿಗೇರಿಸಿ ಬಸ್ಸಿನಲ್ಲಿ ಹೋಗುವುದಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಈ ಅಂಕಿಗಳು ಉದಾಹರಣೆಗೆ ಅಷ್ಟೇ. ನಿಮ್ಮ ಊರಿನ ಕಾರಿನವರನ್ನು ಕೇಳಿ ನಿಮ್ಮ ಅಂಕಿ ಹಾಕಿಕೊಳ್ಳಿ.

ವಾಪಸ್ ಬರುವ ವೇಳೆಯನ್ನೂ ನೋಡಿ. ರಾತ್ರಿ ಹನ್ನೊಂದೂವರೆಗೆ ಶಂಶಾಬಾದ್‌ನಲ್ಲಿ ಇಳಿಸುವ ಟಿಕೆಟ್ ಅಗ್ಗವಾಗಿ ಕಾಣುತ್ತದೆ. ಬ್ಯಾಗ್ ಕೈಗೆ ಬರುವಷ್ಟರಲ್ಲಿ ಹನ್ನೆರಡು. ಆ ಹೊತ್ತಿನಲ್ಲಿ ಸಿಂಧನೂರಿಗೆ ಯಾವ ಬಸ್ ಸಿಗುತ್ತದೆ?

ಹೆಜ್ಜೆ 3: ಹುಡುಕುವ ಕ್ರಮ

ಗೂಗಲ್ ಫ್ಲೈಟ್ಸ್ ತೆರೆಯಿರಿ. ಹೊರಡುವ ಜಾಗದಲ್ಲಿ ಬೆಂಗಳೂರು, ಹೈದರಾಬಾದ್, ಹುಬ್ಬಳ್ಳಿ ಮೂರನ್ನೂ ಒಟ್ಟಿಗೆ ಹಾಕಬಹುದು. ತಾರೀಖಿನ ಮೇಲೆ ಒತ್ತಿದರೆ ತಿಂಗಳ ಕ್ಯಾಲೆಂಡರ್‌ನಲ್ಲಿ ದಿನದಿನದ ದರ ಕಾಣುತ್ತದೆ. ನಿಮ್ಮ ಐದು ತಾರೀಖಿನಲ್ಲಿ ಯಾವುದು ಕಡಿಮೆ ಎಂದು ಅಲ್ಲೇ ಗೊತ್ತಾಗುತ್ತದೆ. ಈ ದರ ಮಾಮೂಲಿಗಿಂತ ಕಡಿಮೆಯೋ ಜಾಸ್ತಿಯೋ ಎಂದೂ ಹಲವು ಸಲ ತೋರಿಸುತ್ತದೆ. ದರದ ಮೇಲೆ ಕಣ್ಣಿಡುವ ಗುಂಡಿ ಒತ್ತಿದರೆ ಏರಿದಾಗ, ಇಳಿದಾಗ ಮೇಲ್ ಬರುತ್ತದೆ. ಸ್ಕೈಸ್ಕ್ಯಾನರ್‌ನಲ್ಲೂ ಇಡೀ ತಿಂಗಳು ನೋಡುವ ಅವಕಾಶವಿದೆ.

ಹುಡುಕುವುದು ಅಲ್ಲಿ, ದುಡ್ಡು ಕಟ್ಟುವುದು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ. ಬೇರೆ ಆ್ಯಪ್‌ನಲ್ಲಿ ನೂರಿನ್ನೂರು ಕಡಿಮೆ ಇದ್ದರೂ ನಾನು ಹೀಗೇ ಮಾಡುತ್ತೇನೆ. ಕ್ಯಾನ್ಸಲ್ ಮಾಡುವಾಗ ಮಧ್ಯದವರು ತಮ್ಮ ಶುಲ್ಕ ಬೇರೆ ಹಿಡಿಯುತ್ತಾರೆ, ದುಡ್ಡು ವಾಪಸ್ ಬರಲು ಎರಡು ಕಡೆ ಅಲೆಯಬೇಕು. ಮೊಬೈಲ್ ಬಳಸದ ಹಿರಿಯರಿಗೆ ಊರಿನ ಏಜೆಂಟ್ ಬೇಕೇ ಬೇಕು, ಅದು ತಪ್ಪಲ್ಲ. "ಈಗ ತೆಗಿಸಲಿಲ್ಲಂದ್ರ ನಾಳಿಗೆ ಸಿಗಂಗಿಲ್ರೀ ಯಪ್ಪಾ" ಅಂದರೆ ಮಾತ್ರ ಗಾಬರಿಯಾಗಬೇಡಿ. ಹತ್ತು ನಿಮಿಷ ಕೇಳಿ, ಮಕ್ಕಳ ಮೊಬೈಲ್‌ನಲ್ಲಿ ಒಮ್ಮೆ ದರ ನೋಡಿ.

ದೇಶದೊಳಗೆ ಹೋಗಿ ಬರುವುದನ್ನು ಎರಡು ಬೇರೆ ಟಿಕೆಟ್ ಆಗಿ ತೆಗೆದರೂ ಹೆಚ್ಚೂಕಡಿಮೆ ಅಷ್ಟೇ. ಹೋಗುವಾಗ ಹುಬ್ಬಳ್ಳಿ, ಬರುವಾಗ ಬೆಂಗಳೂರು ಮಾಡಿದರೂ ನಡೆಯುತ್ತದೆ. ವಿದೇಶಕ್ಕೆ ಮಾತ್ರ ಹೋಗಿಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಹೆಚ್ಚಾಗಿ ಕಡಿಮೆ ಬೀಳುತ್ತದೆ.

ಹೆಜ್ಜೆ 4: ದಿನ ಲೆಕ್ಕ

ಎಂಟು ತಿಂಗಳ ಮುಂಚೆ ಬುಕ್ ಮಾಡಿದರೆ ಇನ್ನೂ ಅಗ್ಗ ಅಲ್ವಾ? ಅಲ್ಲ. ಅಷ್ಟು ಮೊದಲು ಕಂಪನಿಗೆ ಸೀಟು ಮಾರುವ ಅವಸರ ಇರುವುದಿಲ್ಲ, ಮಧ್ಯಮ ದರ ಇಟ್ಟು ಕೂರುತ್ತಾರೆ. ಜೊತೆಗೆ ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು. ಬೇಸಿಗೆಯದು ಮಾರ್ಚ್ ಕೊನೆಯ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರದಿಂದ. ಆ ಗಡಿಯಾಚೆಗೆ ಮೊದಲೇ ತೆಗೆದ ಟಿಕೆಟ್‌ನ ವೇಳೆ ಬದಲಾಗುವ ಸಂಭವ ಜಾಸ್ತಿ. ಮಳೆಗಾಲಕ್ಕೆಂದೂ ಹೊಸ ವರ್ಷದ ಶುರುವಿನಲ್ಲೂ ಕಂಪನಿಗಳು ಆಫರ್ ಬಿಡುತ್ತವೆ. ಆದರೆ ಅದರ ಸೀಟು ಸಿಗುವುದು ಅಗ್ಗದ ತಿಂಗಳುಗಳಿಗೇ. ದೀಪಾವಳಿಗೆ ಆಫರ್ ಬರುತ್ತದೆ ಎಂದು ಕೂತವರಿಗೆ ಕೊನೆಗೆ ಸಿಗುವುದು ಸ್ಲೀಪರ್ ಬಸ್.

ನಮ್ಮವರಿಗೆ 60 ದಿನದ ಗುರುತು ಬಹಳ ಉಪಯೋಗದ್ದು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ನಿಲ್ದಾಣಕ್ಕೆ ರೈಲಿನಲ್ಲಿ ಹೋಗುವ ನಾವು ವಿಮಾನದ ದರ ನೋಡಲು ಗಟ್ಟಿಯಾಗಿ ಕೂರಬೇಕಾದದ್ದೂ ಅದೇ ದಿನ. 60ನೇ ದಿನ ಹಂಪಿ ಎಕ್ಸ್‌ಪ್ರೆಸ್‌ನ ಬರ್ತ್ ಹಿಡಿಯಿರಿ. ಕನ್ಫರ್ಮ್ ಬರ್ತ್ ಕೈಯಲ್ಲಿದ್ದರೆ ಮುಂದಿನ ನಾಲ್ಕೈದು ವಾರ ವಿಮಾನದ ದರ ನೋಡುತ್ತಾ ಇಳಿದಾಗ ತೆಗೆಯಬಹುದು. ಬರ್ತ್ ಕ್ಯಾನ್ಸಲ್ ಮಾಡಿದರೆ ಹೋಗುವುದು ಸಣ್ಣ ಮೊತ್ತ. ಇದನ್ನೇ ಉಲ್ಟಾ ಮಾಡಿ, ಮೊದಲು ವಿಮಾನ ತೆಗೆದು ಆಮೇಲೆ ವೇಟಿಂಗ್ ಲಿಸ್ಟ್‌ನಲ್ಲಿ ನಿಂತರೆ ಕೊನೆಗೆ ಕಾರೇ ಗತಿ. 21 ದಿನ ಉಳಿದಾಗಲೂ ದರ ಇಳಿಯಲಿಲ್ಲವೋ, ಇನ್ನು ಕಾಯಬೇಡಿ, ತೆಗೆದುಬಿಡಿ.

ಗಲ್ಫ್‌ಗೆ ಹೋಗುವವರಿಗೆ ಲೆಕ್ಕ ಬೇರೆ. ಅಲ್ಲಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಜೂನ್ ಕೊನೆಗೆ ಅಲ್ಲಿಂದ ಇಲ್ಲಿಗೆ ಬರುವ ದರ ಏರುತ್ತದೆ, ಆಗಸ್ಟ್ ಕೊನೆಗೆ ಇಲ್ಲಿಂದ ಅಲ್ಲಿಗೆ ಹೋಗುವ ದರ. ರಂಜಾನ್, ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಹೋದ ವರ್ಷದ ತಾರೀಖು ಹಿಡಿದು ಉಮ್ರಾಕ್ಕೆ ದರ ಅಂದಾಜು ಮಾಡಿದರೆ ತಪ್ಪುತ್ತದೆ. ಮಾಮೂಲಿ ದಿನಕ್ಕೆ ಎರಡು ತಿಂಗಳು ಮುಂಚೆ ಸಾಕು, ಈ ದಿನಗಳಿಗೆ ನಾಲ್ಕು ತಿಂಗಳು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಕ್ಕೆ ಮೂರರಿಂದ ಆರು ತಿಂಗಳು. ಆಗಸ್ಟ್‌ನಲ್ಲಿ ಓದಲು ಹೊರಡುವ ಮಕ್ಕಳು ವೀಸಾ ಬರುವವರೆಗೆ ಕಾಯಬೇಕಾಗುತ್ತದೆ. ವಿದ್ಯಾರ್ಥಿ ದರದಲ್ಲಿ ಹುಡುಕಿದರೆ ಹೆಚ್ಚು ಲಗೇಜ್ ಸಿಗುವುದುಂಟು, ಅದೇ ಒಂದು ಉಳಿತಾಯ.

ಹೆಜ್ಜೆ 5: ದುಡ್ಡು ಕಟ್ಟುವ ಪುಟದಲ್ಲಿ

ಇಲ್ಲಿ ನಿಧಾನ ಮಾಡಿ. ಮೊದಲ ಪುಟದಲ್ಲಿ ಕಂಡ ದರ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಬೆಳೆದಿರುತ್ತದೆ. ಇನ್ಶೂರೆನ್ಸ್‌ಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಸೀಟಿಗೆ ಮುನ್ನೂರು, ನಾನೂರು ಕೇಳಿದರೆ ಬಿಟ್ಟು ಮುಂದೆ ಹೋಗಿ. ವೆಬ್ ಚೆಕ್-ಇನ್ ವೇಳೆ ಸೀಟು ಹೇಗೂ ಸಿಗುತ್ತದೆ. ದೇಶದೊಳಗೆ ಎಕಾನಮಿಯಲ್ಲಿ ಹೆಚ್ಚಾಗಿ 15 ಕೆ.ಜಿ. ಚೆಕ್-ಇನ್ ಬ್ಯಾಗ್, 7 ಕೆ.ಜಿ. ಕೈಚೀಲ. ಮಗಳ ಮನೆಗೆ ಅಕ್ಕಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವವರು ಮನೆಯಲ್ಲೇ ತೂಕ ನೋಡಿ. ಜಾಸ್ತಿ ತೂಕಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದರೆ ಕೌಂಟರ್‌ಗಿಂತ ಕಡಿಮೆ. 60 ದಾಟಿದ ಹಿರಿಯರಿಗೂ ಸೈನಿಕರಿಗೂ ಹಲವು ಕಂಪನಿಗಳಲ್ಲಿ ರಿಯಾಯಿತಿ ಇದೆ. ಆದರೆ ಆಫರ್ ದರ ಅದಕ್ಕಿಂತ ಕಡಿಮೆ ಇರಬಹುದು, ಎರಡನ್ನೂ ನೋಡಿ.

ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಯುಎಇ ವಿಸಿಟ್ ವೀಸಾದಲ್ಲಿ ತೊಡಕಾಗಿದೆ. ದುಬೈ ಟಿಕೆಟ್ ಅಗ್ಗ ಎಂದು ಕೊಳ್ಳುವ ಮೊದಲು ಇದನ್ನು ವಿಚಾರಿಸಿ.

ಹೆಜ್ಜೆ 6: ತುರ್ತಾಗಿ ನಾಳೆಯೇ ಹೋಗಬೇಕಾದರೆ

ಆಗ ಉಳಿತಾಯದ ಮಾತು ಕಡಿಮೆ. ಮೂರೂ ನಿಲ್ದಾಣ ನೋಡಿ, ನಸುಕಿನ ಮತ್ತು ತಡರಾತ್ರಿಯ ವಿಮಾನ ನೋಡಿ, ಒಂದು ಕಡೆ ಇಳಿದು ಹತ್ತುವುದನ್ನೂ ನೋಡಿ. ಬದಲಿ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾದಾಗ ಎರಡನೆಯ ದುಡ್ಡು ಮುಳುಗುತ್ತದೆ. ನಿಲ್ದಾಣ ಮುಟ್ಟಲು ರೈಲಿನ ತತ್ಕಾಲ್ ಇದೆ: ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ.

ಹೆಜ್ಜೆ 7: ಬುಕ್ ಆದ ಮೇಲೆ

ವಿಮಾನ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಡಿಜಿಸಿಎ ನಿಯಮದಲ್ಲಿ ಒಂದು ಸೌಲಭ್ಯ ಇದೆ. ದೇಶದೊಳಗಿನ ಪ್ರಯಾಣಕ್ಕೆ ಕನಿಷ್ಠ ಒಂದು ವಾರ ಉಳಿದಿರುವಾಗ ಕಂಪನಿಯ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿದ್ದರೆ, ಬುಕ್ ಮಾಡಿದ ಮೊದಲ 24 ಗಂಟೆಯೊಳಗೆ ದಂಡವಿಲ್ಲದೆ ಕ್ಯಾನ್ಸಲ್ ಮಾಡಬಹುದು ಅಥವಾ ತಾರೀಖು ಬದಲಿಸಬಹುದು. ತಾರೀಖು ಬದಲಿಸಿದರೆ ದರದ ವ್ಯತ್ಯಾಸ ಮಾತ್ರ ಕೊಡಬೇಕು. ಹಾಗಾಗಿ ಬುಕ್ ಮಾಡಿದ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ಹೆಸರು, ತಾರೀಖು, ಬೆಳಿಗ್ಗೆಯೋ ರಾತ್ರಿಯೋ ಎಲ್ಲ ನೋಡಿ. ಮದುವೆ ಮುಹೂರ್ತದ ದಿನ ಬಿದ್ದಿದೆಯಾ ಅಂತ ಅಮ್ಮನನ್ನೂ ಕೇಳಿ.

ಹೊರಡುವ ವಾರದಲ್ಲಿ ಒಮ್ಮೆ, ಹಿಂದಿನ ದಿನ ಒಮ್ಮೆ ವೇಳೆ ಬದಲಾಗಿದೆಯೇ ನೋಡಿ. ಕಂಪನಿಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ಕೇಳುವ ಹಕ್ಕು ನಿಮಗಿದೆ. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ದೂರದಿಂದ ಬರುವ ನಾವು ಮೂರು ಗಂಟೆ ಮೊದಲೇ ಮುಟ್ಟುವಂತೆ ಹೊರಟರೆ ದಾರಿಯಲ್ಲಿ ಟೈರ್ ಪಂಕ್ಚರ್ ಆದರೂ ವಿಮಾನ ಸಿಗುತ್ತದೆ.

ಕೊನೆಗೂ ಹೋಗಲು ಆಗಲಿಲ್ಲ, ಟಿಕೆಟ್ ನಾನ್-ರಿಫಂಡಬಲ್ ಎಂದರೂ ಎಲ್ಲ ಹೋಯಿತು ಎಂದುಕೊಳ್ಳಬೇಡಿ. ಕ್ಯಾನ್ಸಲ್ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ಯೂಸರ್ ಡೆವಲಪ್‌ಮೆಂಟ್ ಫೀ ಥರದ ನಿಲ್ದಾಣದ ಶುಲ್ಕಗಳು, ತೆರಿಗೆ ವಾಪಸ್ ಬರಬೇಕು. ವಿಮಾನ ತಪ್ಪಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ. ಒಬ್ಬರಿಗೆ ಕೆಲವು ನೂರು ರೂಪಾಯಿ ಇರಬಹುದು, ಐದು ಜನರ ಟಿಕೆಟ್ ಆದರೆ ಸಣ್ಣ ಮೊತ್ತವಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ ಪಿಎನ್‌ಆರ್ ಹಾಕಿ ರಿಫಂಡ್ ಕೇಳಿ. ಏಜೆಂಟ್ ಕಡೆಯಿಂದ ತೆಗೆಸಿದ್ದರೆ ಅವರ ಹತ್ತಿರವೇ ಹೋಗಿ ತೆರಿಗೆ ವಾಪಸ್ ಬರಬೇಕು ಎಂದು ಹೆಸರು ಹೇಳಿಯೇ ಕೇಳಿ. ಸುಮ್ಮನಿದ್ದರೆ ಯಾರೂ ಕರೆದು ಕೊಡುವುದಿಲ್ಲ.